ಅನ್ನ ಮುದ್ದೆಯಾದರೆ ಭಟ್ಟರ ತಪ್ಪೇ? ಭತ್ತದ ಪಸೆಯ ವಿಚಾರ



ನಾವು ಹೋಟೆಲಿನವರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಗ್ಯಾಸ್ ಸಿಲಿಂಡರಿನ ಭಾವ, ಈರುಳ್ಳಿಯ ಭಾವ, ಕೆಲಸಕ್ಕೆ ಹುಡುಗರು ಸಿಗದ ಕಷ್ಟ ಇಷ್ಟರಲ್ಲೇ ಮುಗಿದುಹೋಗುತ್ತದೆ. ಅಕ್ಕಿಯ ಮಾತು ಬಂದರೂ ಕ್ವಿಂಟಾಲಿಗೆ ಎಷ್ಟು, ಹಳೆಯದೋ ಹೊಸದೋ, ಉಧಾರಿ ಎಷ್ಟು ದಿನ ಎಂಬುದನ್ನು ದಾಟಿ ಹೋಗುವುದಿಲ್ಲ. ಆ ಅಕ್ಕಿ ಭತ್ತವಾಗಿದ್ದಾಗ ಅದರಲ್ಲಿ ಎಷ್ಟು ಪಸೆ ಇತ್ತು, ಕೊಯ್ದ ಮೇಲೆ ಎಷ್ಟು ದಿನ ರಾಶಿಯಲ್ಲಿ ಬಿದ್ದಿತ್ತು, ಯಾವ ಬಿಸಿಲಿನಲ್ಲಿ ಒಣಗಿತು ಎಂದು ಕೇಳುವವರು ನಮ್ಮಲ್ಲಿ ಯಾರೂ ಇಲ್ಲ. ನಾವೂ ಕೇಳಿದವರಲ್ಲ. ಕೇಳದೆ ಇದ್ದುದರಿಂದ ಆದ ನಷ್ಟ ಎಷ್ಟು ಎಂದು ತಿಳಿದದ್ದು 2022ರಲ್ಲಿ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಆ ವರ್ಷ ನಿಮಗೆಲ್ಲ ನೆನಪಿರಬಹುದು. ಎರಡು ವರ್ಷ ಕೊರೋನದಿಂದ ಬಾಗಿಲು ಹಾಕಿ, ತೆರೆದು, ಮತ್ತೆ ಹಾಕಿ ಬೇಸತ್ತಿದ್ದೆವು. ಮಹಾರಾಷ್ಟ್ರದಲ್ಲಿ ನಿರ್ಬಂಧಗಳೆಲ್ಲ ತೆರವಾದದ್ದು ಏಪ್ರಿಲ್ ಆರಂಭಕ್ಕೆ. ಕೂಡಲೇ ಮುಂದೂಡಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದವು. ಕೈಯಲ್ಲಿ ದುಡ್ಡಿಲ್ಲ, ಆರ್ಡರ್ ಮಾತ್ರ ಬೇಕಾದಷ್ಟು. ಅಂಥ ಹೊತ್ತಿನಲ್ಲಿ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಬ್ಬ ವ್ಯಾಪಾರಿ ನಮಗೆ ಸೋನಾ ಮಸೂರಿಯನ್ನು ಕಿಲೋಗೆ 4 ರೂಪಾಯಿ ಕಡಿಮೆಗೆ ಕೊಡುತ್ತೇನೆ ಎಂದ. ಹಳೆಯ ಸ್ಟಾಕ್ ಎಂದೂ ಹೇಳಿದ. ಮುಷ್ಟಿಯಲ್ಲಿ ಹಿಡಿದು ನೋಡಿದೆವು. ಬೆಳ್ಳಗೆ, ಪಾಲಿಶ್ ಆಗಿ, ಕಣ್ಣಿಗೆ ಒಳ್ಳೆಯದೇ ಕಂಡಿತು. ವರ್ಷಗಳಿಂದ ಅಕ್ಕಿ ಕೊಡುತ್ತಿದ್ದ ಅಂಗಡಿಯನ್ನು ಬಿಟ್ಟು ಇವನಿಂದ 40 ಚೀಲ ಎತ್ತಿದೆವು.

ಮೊದಲ ದೊಡ್ಡ ಅಡುಗೆ 600 ಜನರ ಮದುವೆ ಊಟ. ಬೆಳಿಗ್ಗೆ ಅಕ್ಕಿ ತೊಳೆಯುವಾಗಲೇ ಭಟ್ಟರು ಬಂದು, "ಧಣಿ, ಈ ಅಕ್ಕಿ ಸರಿ ಇಲ್ಲ. ನೀರು ಮೂರು ಸಲ ಬದಲಾಯಿಸಿದರೂ ಹಾಲಿನಂತೆ ಬರುತ್ತಿದೆ, ಅಡಿಯಲ್ಲಿ ನುಚ್ಚು ನಿಲ್ಲುತ್ತಿದೆ" ಎಂದರು. ನಾವು ತರಕಾರಿ ಗಾಡಿ ಬಂದಿಲ್ಲವೆಂಬ ತಲೆಬಿಸಿಯಲ್ಲಿದ್ದೆವು. "ಇಷ್ಟು ವರ್ಷ ಅಡುಗೆ ಮಾಡಿದ್ದೀರಿ, ನೀರು ನೋಡಿ ಹಾಕಿ" ಎಂದು ಬಿಟ್ಟೆವು. ಅವರು ನೀರು ಕಡಿಮೆಯೇ ಹಾಕಿದ್ದರು. ಆದರೂ ಮೊದಲ ಪಂಕ್ತಿಗೆ ಬಡಿಸುವ ಹೊತ್ತಿಗೆ ಅನ್ನ ಮೇಲೆ ಗಂಜಿಯಂತೆ ಅಂಟಿಕೊಂಡಿತ್ತು, ನಡುವೆ ನಡುವೆ ಕಾಳು ಇನ್ನೂ ಗಟ್ಟಿ ಇತ್ತು. ಸಾರು ಕಲಸಿದರೆ ಮುದ್ದೆ, ಮೊಸರು ಕಲಸಿದರೆ ಹಿಟ್ಟು. ಹುಡುಗಿಯ ತಂದೆ ಏನೂ ಮಾತಾಡಲಿಲ್ಲ. ಬಿಲ್ಲಿನಲ್ಲಿ ಕಡಿತ ಮಾಡಿಯೂ ಕೇಳಲಿಲ್ಲ. ಆದರೆ ಅವರ ತಮ್ಮನ ಮಗಳ ಮದುವೆಯ ಅಡುಗೆಯನ್ನು ಬೇರೆಯವರಿಗೆ ಕೊಟ್ಟರು.

ಅಂದು ಸಂಜೆ ಪಾತ್ರೆ ತೊಳೆಯುವ ಹುಡುಗರಿಂದ ಹಿಡಿದು ಬಡಿಸುವವರವರೆಗೆ ಎಲ್ಲರೂ ನಿಂತಿರುವಾಗ ನಾವು ಭಟ್ಟರನ್ನು ಬೈದೆವು. 19 ವರ್ಷ ನಮ್ಮಲ್ಲಿ ಇದ್ದವರು. ಅವರು ಎದುರುತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಲೆಕ್ಕ ಮುಗಿಸಿಕೊಂಡು ಊರಿಗೆ ಹೋದರು. ಮೇ ತಿಂಗಳ ಸೀಸನ್ನಿನಲ್ಲಿ ನಾವು ಬದಲಿ ಅಡುಗೆಯವರಿಗಾಗಿ ಎಲ್ಲೆಲ್ಲೋ ಅಲೆದೆವು. ಹೊಸಬರು ಬಂದು ಅದೇ ಚೀಲದ ಅಕ್ಕಿ ಮಾಡಿದಾಗಲೂ ಅನ್ನ ಅದೇ ರೀತಿ ಆಯಿತು. ಆಗ ಸ್ವಲ್ಪ ಅನುಮಾನ ಬಂತು.

ಗಂಗಾವತಿಯಲ್ಲಿ ಕಂಡದ್ದು

ಅದೇ ವರ್ಷ ನವೆಂಬರಿನಲ್ಲಿ ಸಂಬಂಧಿಕರೊಬ್ಬರ ಕೆಲಸಕ್ಕೆ ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಹೋಗಬೇಕಾಯಿತು. ತುಂಗಭದ್ರಾ ಅಣೆಕಟ್ಟಿನ ನೀರು ಬರುವ ಈ ಸೀಮೆ, ಅಲ್ಲಿಂದ ಸಿಂಧನೂರು, ಮಾನ್ವಿ, ರಾಯಚೂರು ಕಡೆಗೆಲ್ಲ ಭತ್ತವೇ ಭತ್ತ. ಆಂಧ್ರದಿಂದ ಬಂದು ನೆಲೆಸಿದ ರೈತರ 'ಕ್ಯಾಂಪು'ಗಳು ದಾರಿಯುದ್ದಕ್ಕೂ ಸಿಗುತ್ತವೆ. ಕೊಯ್ಲಿನ ಕಾಲವಾದ್ದರಿಂದ ಡಾಂಬರು ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಹರಡಿತ್ತು. ಲಾರಿಗಳು ಅದರ ಅಂಚಿನ ಮೇಲೆಯೇ ಓಡಾಡುತ್ತಿದ್ದವು. ಸಂಬಂಧಿಕರ ಪರಿಚಯದ ಒಬ್ಬರು ರೈಸ್ ಮಿಲ್ಲಿನವರು ಇದ್ದರು. ಚಹ ಕುಡಿಯುತ್ತಾ ನಮ್ಮ ಮದುವೆ ಊಟದ ಕಥೆ ಹೇಳಿದೆವು. ಅವರು ನಕ್ಕು, "ನೀವು ಯಾವಾಗ ಕೊಂಡದ್ದು?" ಎಂದು ಕೇಳಿದರು. ಏಪ್ರಿಲ್ ಎಂದೆವು. "ಹಾಗಾದರೆ ಅದು ಹೋದ ವರ್ಷದ ಮಳೆಯಲ್ಲಿ ನೆನೆದ ಭತ್ತವೇ ಇರಬೇಕು" ಎಂದರು.

2021ರ ನವೆಂಬರಿನಲ್ಲಿ ಅಕಾಲದ ಮಳೆ ರಾಜ್ಯವನ್ನೆಲ್ಲ ಹಿಡಿದಿತ್ತು. ಕೊಯ್ಲಿಗೆ ನಿಂತ ಭತ್ತ ಮಲಗಿತು, ಕೆಲವು ಕಡೆ ತೆನೆಯಲ್ಲೇ ಮೊಳಕೆ ಬಂತು. ಉಳಿದದ್ದನ್ನು ರೈತರು ಹೇಗೋ ಒಣಗಿಸಿ ಮಾರಿದರು, ಮಿಲ್ಲಿನವರು ಹೇಗೋ ಅಕ್ಕಿ ಮಾಡಿದರು. ಪಾಲಿಶ್ ಹೊಡೆದ ಮೇಲೆ ಹೊರಗಿನಿಂದ ಏನೂ ತಿಳಿಯುವುದಿಲ್ಲ.

ಅವರು ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಕೆಲಸ ಮಾಡಿ ತೋರಿಸಿದರು. ಒಂದು ಹಿಡಿ ಭತ್ತ ತೆಗೆದು ಕೈಯಲ್ಲೇ ಉಜ್ಜಿ ಉಮಿ ಬಿಡಿಸಿ, ಆ ಕಾಳುಗಳನ್ನು ಗಾಜಿನ ಮೇಲೆ ಹರಡಿ ಕೆಳಗಿನಿಂದ ಬಲ್ಬಿನ ಬೆಳಕು ಬಿಟ್ಟರು. ಕೆಲವು ಕಾಳು ಗಾಜಿನಂತೆ ತಿಳಿಯಾಗಿದ್ದವು. ಕೆಲವಕ್ಕೆ ಅಡ್ಡಡ್ಡಲಾಗಿ ಒಂದು, ಎರಡು, ಮೂರು ಕೂದಲೆಳೆಯಂಥ ಗೆರೆ. "ಇವು ಇನ್ನೂ ಮಿಲ್ಲಿಗೆ ಹೋಗಿಲ್ಲ, ಆಗಲೇ ಒಡೆದಿವೆ. ಮಿಲ್ಲು ಅದನ್ನು ಬಿಡಿಸಿ ಕೊಡುತ್ತದೆ ಅಷ್ಟೇ. ಜನ ಮಿಲ್ಲನ್ನು ಬೈಯುತ್ತಾರೆ" ಎಂದರು. ಅವರು ಮಿಲ್ಲನ್ನು ಬೈಯುತ್ತಾರೆ ಎಂದಾಗ ನಮಗೆ ನಮ್ಮ ಭಟ್ಟರ ನೆನಪಾಯಿತು.

ಕಾಳು ಏಕೆ ಬಿರಿಯುತ್ತದೆ

ಮೊದಲು ಲೆಕ್ಕ ಹೇಳುತ್ತೇವೆ. ಕಂಬೈನ್ ಯಂತ್ರದಲ್ಲಿ ಕೊಯ್ಯುವ ಭತ್ತದಲ್ಲಿ ಸಾಮಾನ್ಯವಾಗಿ 100ಕ್ಕೆ 20ರಿಂದ 24ರಷ್ಟು ನೀರೇ ಇರುತ್ತದೆ. ಮಿಲ್ಲಿಗೆ ಹಾಕುವಾಗ ಅದು 13–14 ಇರಬೇಕು. ದಾಸ್ತಾನಿಗೂ 14ರ ಒಳಗೆ ಇರಬೇಕು. ಸರ್ಕಾರದ ಖರೀದಿ ಕೇಂದ್ರದಲ್ಲಿ ಭತ್ತಕ್ಕೆ 17ರವರೆಗೆ ಬಿಡುತ್ತಾರೆ. ಈ ಕಡೆ ಭತ್ತದ ವ್ಯವಹಾರ 75 ಕಿಲೋ ಚೀಲದ ಮೇಲೆ. 22 ಪಸೆ ಇರುವ 75 ಕಿಲೋ ಭತ್ತವನ್ನು 14ಕ್ಕೆ ಒಣಗಿಸಿದರೆ ಉಳಿಯುವುದು 68 ಕಿಲೋ. 7 ಕಿಲೋ ಗಾಳಿಗೆ ಹೋಯಿತು. ರೈತನಿಗೆ ಹಸಿ ಭತ್ತವನ್ನೇ ಗದ್ದೆಯಿಂದ ಲಾರಿಗೆ ಹಾಕಿ ಕಳಿಸುವ ಆಸೆ ಏಕೆ ಎಂದು ಇದರಿಂದಲೇ ತಿಳಿಯುತ್ತದೆ. ಅವನಿಗೆ ಒಣಗಿಸಲು ಕಣವೂ ಇಲ್ಲ, ಆಳೂ ಇಲ್ಲ, ಸಾಲದವನು ಬಾಗಿಲಲ್ಲಿ. ನಾವು ಅವನನ್ನು ದೂರುವುದಿಲ್ಲ.

ಹಸಿ ಭತ್ತ ರಾಶಿಯಲ್ಲಿ ಬಿದ್ದರೆ ಒಂದು ದಿನದೊಳಗೆ ಬಿಸಿಯಾಗಲು ಶುರು. ಕಾಳು ಜೀವಂತ, ಉಸಿರಾಡುತ್ತದೆ, ಜತೆಗೆ ಬೂಸಲೂ ಹಿಡಿಯುತ್ತದೆ. ರಾಶಿಯೊಳಗೆ ಕೈ ಹಾಕಿದರೆ ಬಿಸಿ ತಟ್ಟುತ್ತದೆ. ಅಂಥ ಭತ್ತದ ಅಕ್ಕಿ ಹಳದಿ ತಿರುಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಕೊಯ್ದ 24 ಗಂಟೆಯೊಳಗೆ ಒಣಗಿಸಲು ಶುರು ಮಾಡಬೇಕು ಎನ್ನುವುದು ಅದಕ್ಕೆ.

ಹಾಗಾದರೆ ಬೇಗ ಬೇಗ ಚೆನ್ನಾಗಿ ಒಣಗಿಸಿದರೆ ಮುಗಿಯಿತಲ್ಲ ಎಂದು ನಾವೂ ಅಂದುಕೊಂಡೆವು. ಅಲ್ಲೇ ಇರುವುದು ಸೂಕ್ಷ್ಮ. ಬಿಸಿಲು ಹೆಚ್ಚಾದರೆ ಕಾಳು ಬಿರಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಒಣಗಿದ ಕಾಳು ಮತ್ತೆ ಪಸೆ ಹೀರಿಕೊಂಡಾಗ ಬಿರಿಯುವುದೇ ಹೆಚ್ಚು. ಜಪಾನಿನಲ್ಲಿ ಕೊಂಡೊ ಮತ್ತು ಒಕಾಮುರಾ ಎಂಬವರು 1930ರ ಸುಮಾರಿಗೇ ಇದನ್ನು ಹೇಳಿದ್ದರಂತೆ, ಆಮೇಲೆ ಅಮೆರಿಕದ ಟೆಕ್ಸಾಸಿನಲ್ಲಿ ಕುಂಜೆ ಎಂಬವರು ಅದನ್ನು ಪರೀಕ್ಷೆ ಮಾಡಿ ಗಟ್ಟಿ ಮಾಡಿದರು. ಕಾಳಿನ ಪಸೆ ಸುಮಾರು 15ಕ್ಕಿಂತ ಕೆಳಗೆ ಹೋದ ಮೇಲೆ ಅದರ ಮೇಲೆ ಇಬ್ಬನಿ ಬಿದ್ದರೆ, ಮಳೆ ಹನಿದರೆ, ಅಥವಾ ಅದನ್ನು ಹಸಿ ಭತ್ತದೊಂದಿಗೆ ಬೆರೆಸಿ ಚೀಲ ಹೊಲಿದರೆ, ಕಾಳಿನ ಹೊರಮೈ ನೀರು ಕುಡಿದು ಹಿಗ್ಗುತ್ತದೆ. ಒಳಗೆ ನಡುಭಾಗ ಒಣಗಿಯೇ ಇರುತ್ತದೆ. ಹೊರಗಿನದು ಹಿಗ್ಗಿ ಎಳೆಯುತ್ತದೆ, ಒಳಗಿನದು ಹಿಗ್ಗಲಾರದು. ನಡುವೆ ಅಡ್ಡವಾಗಿ ಪಟ್ಟೆಂದು ಬಿರುಕು. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹೊಯ್ದು ಎಷ್ಟು ಲೋಟ ಕಳೆದುಕೊಂಡಿದ್ದೇವೆ, ಲೆಕ್ಕವಿಲ್ಲ. ಇಲ್ಲಿ ಬಿಸಿ ತಣ್ಣಗೆ ಬದಲು ಒಣ ಹಸಿ, ಅಷ್ಟೇ ವ್ಯತ್ಯಾಸ.

ಆದ್ದರಿಂದ ರಸ್ತೆಯಲ್ಲಿ ಹಗಲು ಒಣಗಿಸಿ ರಾತ್ರಿ ಮುಚ್ಚದೆ ಬಿಟ್ಟ ಭತ್ತ ಬೆಳಿಗ್ಗೆಗೆ ಅರ್ಧ ಹಾಳು. ಗದ್ದೆಯಲ್ಲೇ ಒಣಗಲಿ ಎಂದು ಹತ್ತು ದಿನ ತಡವಾಗಿ ಕೊಯ್ದ ಭತ್ತಕ್ಕೂ ಇದೇ ಗತಿ. ಏಕೆಂದರೆ ಒಂದೇ ತೆನೆಯಲ್ಲಿ ಎಲ್ಲ ಕಾಳು ಒಟ್ಟಿಗೆ ಬಲಿಯುವುದಿಲ್ಲ. ಸರಾಸರಿ ಪಸೆ 16 ಎಂದು ಮೀಟರ್ ಹೇಳಿದಾಗ ತುದಿಯ ಕಾಳುಗಳು 13ಕ್ಕೆ ಇಳಿದಿರುತ್ತವೆ, ರಾತ್ರಿಯ ಮಂಜು ಅವನ್ನು ಬಿರಿಸುತ್ತದೆ. ತೀರಾ ಬೇಗ ಕೊಯ್ದರೂ ಕಷ್ಟ, ಎಳೆ ಕಾಳು ಸುಣ್ಣದಂತೆ ಮೆತ್ತಗಿದ್ದು ಮಿಲ್ಲಿನಲ್ಲಿ ಪುಡಿಯಾಗುತ್ತದೆ.

ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳಲೇಬೇಕು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಕೆ.ಆರ್. ಭಟ್ಟಾಚಾರ್ಯ ಎಂಬ ವಿಜ್ಞಾನಿ ಜೀವಮಾನವಿಡೀ ಅಕ್ಕಿಯ ಮೇಲೆ ಕೆಲಸ ಮಾಡಿದರು. ಕುಚ್ಚಿದ ಭತ್ತವನ್ನು ಒಣಗಿಸುವ ಬಗ್ಗೆ ಅವರು 1960ರ ದಶಕದಲ್ಲಿ ಕಂಡುಕೊಂಡ ವಿಷಯ ಬಹಳ ಸ್ವಾರಸ್ಯವಾಗಿದೆ. ಸುಮಾರು 16 ಪಸೆಯವರೆಗೆ ಎಷ್ಟು ಬೇಗ ಒಣಗಿಸಿದರೂ ಕಾಳಿಗೆ ಹೆಚ್ಚು ತೊಂದರೆ ಇಲ್ಲ. ಅಲ್ಲಿಂದ ಕೆಳಗೆ ಒಂದೇ ಉಸಿರಿಗೆ ಇಳಿಸಿದರೆ ಮಾತ್ರ ಒಡಕು. ಅದೂ ಒಣಗಿಸುವಾಗ ಅಲ್ಲ, ಒಣಗಿಸಿ ಮುಗಿಸಿದ ಮೇಲೆ ಎರಡು ಗಂಟೆಯೊಳಗೆ ಬಿರುಕು ಕಾಣಿಸಿಕೊಳ್ಳುತ್ತದೆ! ಪರಿಹಾರ ಸುಲಭ: 16ರ ಹತ್ತಿರ ಬಂದಾಗ ನಿಲ್ಲಿಸಿ, ಭತ್ತವನ್ನು ಕೆಲವು ಗಂಟೆ ರಾಶಿ ಹಾಕಿ ವಿಶ್ರಾಂತಿ ಕೊಡುವುದು. ಒಳಗಿನ ಪಸೆ ಹೊರಗೆ ಬಂದು ಕಾಳೆಲ್ಲ ಸಮನಾಗುತ್ತದೆ. ಮತ್ತೆ ಒಣಗಿಸಬಹುದು. ಗಂಗಾವತಿಯ ಆ ಮಿಲ್ಲಿನ ಎತ್ತರದ ಡ್ರೈಯರ್ ಮಾಡುವುದೂ ಇದನ್ನೇ. ಉಮಿ ಉರಿಸಿದ ಬಿಸಿಗಾಳಿಯಲ್ಲಿ ಭತ್ತ ಇಳಿಯುತ್ತದೆ, ತೊಟ್ಟಿಯಲ್ಲಿ ತಂಗುತ್ತದೆ, ಮತ್ತೆ ಮೇಲೇರಿ ಇಳಿಯುತ್ತದೆ.

ನಮ್ಮ ಬಾಲ್ಯದಲ್ಲಿ ಕುಂದಾಪುರದ ಕಡೆ ಮನೆಯಂಗಳದಲ್ಲಿ ಭತ್ತ ಹರಡಿದರೆ ಅಮ್ಮ ಗಂಟೆಗೆರಡು ಸಲ ಕಾಲಿನಿಂದ ಗೆರೆ ಎಳೆಯುತ್ತಾ ತಿರುವಿ ಬರುತ್ತಿದ್ದರು. ಮಧ್ಯಾಹ್ನ ಉರಿಬಿಸಿಲಿಗೆ ರಾಶಿ ಕೂಡಿಸಿ ಚಾಪೆ ಮುಚ್ಚಿ, ಮೂರು ಗಂಟೆಯ ಮೇಲೆ ಮತ್ತೆ ಹರಡುತ್ತಿದ್ದರು. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ. ಒಂದು ಕಾಳು ಹಲ್ಲಿನಲ್ಲಿ ಕಚ್ಚಿ 'ಕಟಕ್' ಎಂದರೆ ಸಾಕಾಯಿತು, ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು. ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಅಟ್ಟದಲ್ಲಿಟ್ಟರೆ ಮಳೆಗಾಲ ದಾಟುತ್ತಿತ್ತು. ವಿಶ್ರಾಂತಿ ಎಂಬ ಮಾತು ಅವರಿಗೆ ಗೊತ್ತಿರಲಿಲ್ಲ, ಮಧ್ಯಾಹ್ನದ ಊಟಕ್ಕೆ ಹೋಗುವಾಗ ಕೋಳಿ ತಿನ್ನದಿರಲಿ ಎಂದು ಮುಚ್ಚಿದ್ದೂ ಇರಬಹುದು. ಕೆಲಸ ಮಾತ್ರ ಸರಿಯಾಗಿಯೇ ಆಗುತ್ತಿತ್ತು.

ಮಿಲ್ಲಿನೊಳಗೆ

100 ಕಿಲೋ ಭತ್ತದಲ್ಲಿ ಸುಮಾರು 20–22 ಕಿಲೋ ಉಮಿ, 8 ಕಿಲೋ ಆಸುಪಾಸು ತೌಡು, ಉಳಿದ 70ರ ಹತ್ತಿರ ಅಕ್ಕಿ. ಬಿರುಕಿನ ಭತ್ತವಾದರೂ ಈ 70 ಹೆಚ್ಚು ಕಡಿಮೆಯಾಗುವುದು ಸ್ವಲ್ಪವೇ. ಬದಲಾಗುವುದು ಅದರಲ್ಲಿ ಇಡೀ ಕಾಳು ಎಷ್ಟು, ತುಂಡು ಎಷ್ಟು ಎಂಬುದು. ಕಾಳಿನ ಮುಕ್ಕಾಲು ಉದ್ದಕ್ಕಿಂತ ಚಿಕ್ಕದಾದರೆ ಅದು ಲೆಕ್ಕದಲ್ಲಿ ನುಚ್ಚು. ಒಳ್ಳೆಯ ಭತ್ತದಲ್ಲಿ 50ಕ್ಕೂ ಮೇಲೆ ಇಡೀ ಕಾಳು ಸಿಕ್ಕರೆ, ಬಿರಿದ ಭತ್ತದಲ್ಲಿ 35–40ಕ್ಕೆ ಇಳಿಯುವುದುಂಟು. ಜರಡಿಯಲ್ಲಿ ಬೇರ್ಪಡಿಸಿದ ನುಚ್ಚಿನ ಭಾವ ಇಡೀ ಅಕ್ಕಿಗಿಂತ ಬಹಳ ಕಡಿಮೆ. ಹಾಗಾಗಿ ಕೆಲವರು ಬೇರ್ಪಡಿಸದೆ ಒಳಗೇ ಬಿಡುತ್ತಾರೆ. ನಮಗೆ ಸಿಕ್ಕಿದ 4 ರೂಪಾಯಿ ರಿಯಾಯಿತಿಯ ಗುಟ್ಟು ಅದು.

ಪಸೆ 15ಕ್ಕಿಂತ ಹೆಚ್ಚಿದ್ದರೆ ಕಾಳು ಮೆತ್ತಗಿದ್ದು ತೌಡು ಸರಿಯಾಗಿ ಬಿಡುವುದಿಲ್ಲ, ಯಂತ್ರ ಕಟ್ಟಿಕೊಳ್ಳುತ್ತದೆ. 12ಕ್ಕಿಂತ ಕೆಳಗಾದರೆ ಕಾಳು ಬಳೆಯಂತೆ ಒಡೆಯುತ್ತದೆ. ಹಳೆಯ ಉಕ್ಕಿನ ಹಲ್ಲರ್ ಹೋಗಿ ರಬ್ಬರ್ ರೋಲರ್ ಬಂದ ಮೇಲೆ ಒಡಕು ಎಷ್ಟೋ ಕಡಿಮೆಯಾಯಿತು. ಆದರೆ ಬಿರುಕು ಬಿಟ್ಟ ಕಾಳನ್ನು ಯಾವ ರಬ್ಬರೂ ಉಳಿಸದು.

ಉಳಿಸುವ ಉಪಾಯ ಒಂದೇ, ಕುಚ್ಚುವುದು. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸಿದಾಗ ಒಳಗಿನ ಹಿಟ್ಟು ಅಂಟಾಗಿ ಬಿರುಕುಗಳೆಲ್ಲ ಬೆಸೆದುಕೊಳ್ಳುತ್ತವೆ. ನಮ್ಮ ಕರಾವಳಿಯ ಕುಚ್ಚಲಕ್ಕಿ ಒಡೆಯದೆ ಬರುವುದು ಅದಕ್ಕೇ. ಹಿಂದೆ ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಸಿ ವಾಸನೆ ಬರುತ್ತಿತ್ತು, 70 ಡಿಗ್ರಿ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆಗೆ ಮುಗಿಸುವ ವಿಧಾನವನ್ನು ಬಳಕೆಗೆ ತಂದದ್ದೂ ಮೇಲೆ ಹೇಳಿದ ಮೈಸೂರಿನ ಸಂಸ್ಥೆಯೇ.

ಹೈದರಾಬಾದಿನ ಸದಸ್ಯರಿಗೆ 2021–22ರ ಗಲಾಟೆ ನೆನಪಿರಬೇಕು. ತೆಲಂಗಾಣದಲ್ಲಿ ಬೇಸಿಗೆ ಬೆಳೆ ಬಲಿಯುವುದು 40 ಡಿಗ್ರಿ ಬಿಸಿಲಿನಲ್ಲಿ. ಹಸಿ ಅಕ್ಕಿ, ಅಂದರೆ ಬೆಳ್ತಿಗೆ ಮಾಡಿದರೆ ನುಚ್ಚು ವಿಪರೀತ, ಹಾಗಾಗಿ ಅಲ್ಲಿಯ ಮಿಲ್ಲುಗಳು ಅದನ್ನು ಕುಚ್ಚಿಯೇ ಕೊಡುತ್ತಿದ್ದವು. ಕುಚ್ಚಿದ ಅಕ್ಕಿ ಇನ್ನು ಬೇಡ ಎಂದು ಕೇಂದ್ರ ಹೇಳಿತು. 2022ರ ಏಪ್ರಿಲ್ 11ರಂದು ಆಗಿನ ಮುಖ್ಯಮಂತ್ರಿ ಚಂದ್ರಶೇಖರ ರಾವ್ ಅವರು ದೆಹಲಿಗೆ ಹೋಗಿ ಧರಣಿ ಕುಳಿತರು. ಪತ್ರಿಕೆಯಲ್ಲಿ ಅದು ರಾಜಕೀಯದ ಸುದ್ದಿ. ಬುಡದಲ್ಲಿ ಇದ್ದದ್ದು ಮಾತ್ರ ಬೇಸಿಗೆಯ ಕಾಳು ಬಿರಿಯುತ್ತದೆ ಎಂಬ ವಿಚಾರ. ಚೆನ್ನೈನವರಿಗೆ ಉಲ್ಟಾ ತೊಂದರೆ. ತಂಜಾವೂರು ಕಡೆ ಕುರುವೈ ಬೆಳೆ ಕೊಯ್ಯುವ ಹೊತ್ತಿಗೇ ಹಿಂಗಾರು ಮಳೆ ಬರುತ್ತದೆ. 17ರ ಪಸೆ ಮಿತಿಯನ್ನು ಸಡಿಲಿಸಿ ಎಂದು ಅಲ್ಲಿಯ ಸರ್ಕಾರ ಮತ್ತೆ ಮತ್ತೆ ಕೇಳುತ್ತದೆ, 2022ರ ಅಕ್ಟೋಬರಿನಲ್ಲಿ 19ರವರೆಗೆ ಬಿಟ್ಟದ್ದೂ ಉಂಟು.

ನಮ್ಮ ಅಡುಗೆಮನೆಗೆ ಇದರಿಂದ ಏನು

ತುಂಡು ಕಾಳು ಬೇಗ ಬೇಯುತ್ತದೆ, ಇಡೀ ಕಾಳು ನಿಧಾನ. ಒಡೆದ ಬಾಯಿಯಿಂದ ಹಿಟ್ಟು ನೀರಿಗೆ ಇಳಿದು ಗಂಜಿ ದಪ್ಪವಾಗುತ್ತದೆ. ಆ ಗಂಜಿ ಇಡೀ ಕಾಳಿಗೂ ಅಂಟುತ್ತದೆ. ಭಟ್ಟರು ಏನು ಮಾಡಬೇಕು? ನುಚ್ಚಿಗೆ ಸರಿಯಾಗಿ ಇಳಿಸಿದರೆ ಕಾಳು ಗಟ್ಟಿ, ಕಾಳಿಗೆ ಸರಿಯಾಗಿ ಬೇಯಿಸಿದರೆ ನುಚ್ಚು ಅಂಟು. ಹೊಸ ಅಕ್ಕಿಯ ತೊಂದರೆ ಬೇರೆ, ಇದು ಬೇರೆ. ನಾವೆಲ್ಲ ಎರಡನ್ನೂ 'ಹೊಸ ಅಕ್ಕಿ' ಎಂದೇ ಕರೆಯುತ್ತೇವೆ. ಹೊಸತಾದರೂ ಇಡೀ ಕಾಳಿದ್ದರೆ ನೀರು ಕಡಿಮೆ ಮಾಡಿ ಸಂಭಾಳಿಸಬಹುದು, ಆರು ತಿಂಗಳು ಕಾದರೆ ತಾನೇ ಸರಿಹೋಗುತ್ತದೆ. ಬಿರಿದ ಅಕ್ಕಿ ಎಷ್ಟು ಹಳತಾದರೂ ಕೂಡಿಕೊಳ್ಳದು.

ಹಾಗೆಂದು ನುಚ್ಚು ನಿಷ್ಪ್ರಯೋಜಕವಲ್ಲ. ಹಿಟ್ಟಿಗೆ ರುಬ್ಬುವಾಗ ಇಡೀ ಕಾಳಿಗೇಕೆ ದುಡ್ಡು ಕೊಡಬೇಕು? ದೋಸೆಗೆ ನಾವು ಈಗ ಒಣಗಿದ, ವಾಸನೆಯಿಲ್ಲದ ನುಚ್ಚನ್ನೇ ಬೇರೆಯಾಗಿ ತರಿಸುತ್ತೇವೆ. ಮುಗ್ಗಲು ವಾಸನೆ ಇದ್ದರೆ ಮಾತ್ರ ಮುಟ್ಟಬಾರದು, ಹುಳಿ ಬಂದ ಹಿಟ್ಟಿನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ನುಚ್ಚಿನ ಭಾವ ಮೊದಲಿನಷ್ಟು ಅಗ್ಗವೂ ಇಲ್ಲ. ಪಶು ಆಹಾರಕ್ಕೆ, ಎಥೆನಾಲಿಗೆ ಬೇಡಿಕೆ ಬಂದು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದರ ರಫ್ತನ್ನೇ ನಿಲ್ಲಿಸಿತ್ತು. 2025ರ ಮಾರ್ಚಿನಲ್ಲಿ ಮತ್ತೆ ಬಿಟ್ಟಿತು.

ಇನ್ನು ತೂಕದ ವಿಚಾರ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಚೀಲಕ್ಕೆ 5ರಷ್ಟು ಜಿ.ಎಸ್.ಟಿ. ಬಂದಾಗ ಪೇಟೆಗೆ 26 ಕಿಲೋ ಚೀಲ ಬಂತು. ಒಂದು ಕಿಲೋ ಹೆಚ್ಚು ಸಿಕ್ಕಿತೆಂದು ನಾವು ಖುಷಿಪಟ್ಟೆವು. ಗಂಗಾವತಿಯಿಂದ ಬಂದ ಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. 13 ಪಸೆಯ 25 ಕಿಲೋ ಅಕ್ಕಿಯಲ್ಲಿ ನೀರು ಬಿಟ್ಟು ಉಳಿಯುವುದು 21 ಕಿಲೋ 750 ಗ್ರಾಂ. 16 ಪಸೆಯ 26 ಕಿಲೋ ಅಕ್ಕಿಯಲ್ಲಿ 21 ಕಿಲೋ 840 ಗ್ರಾಂ. ಹೆಚ್ಚಿನ ಒಂದು ಕಿಲೋದಲ್ಲಿ ಅಕ್ಕಿ 90 ಗ್ರಾಂ, ಉಳಿದದ್ದು ನೀರು. ಪುಣೆ ಮಹಾನಗರಪಾಲಿಕೆ ಇದಕ್ಕಿಂತ ಅಗ್ಗಕ್ಕೆ ನೀರು ಕೊಡುತ್ತದೆ.

ಈಗ ನಾವು ಗಾಡಿ ಇಳಿಸುವ ಮೊದಲು ಮೂರು ನಾಲ್ಕು ಚೀಲದ ನಡುವಿನಿಂದ ಬಂಬು ಚುಚ್ಚಿ ಮಾದರಿ ತೆಗೆಯುತ್ತೇವೆ, ಬಾಯಿ ಹತ್ತಿರದ್ದಲ್ಲ. 100 ಗ್ರಾಂ ತೂಗಿ ತಟ್ಟೆಗೆ ಹಾಕಿ ಮುಕ್ಕಾಲಿಗಿಂತ ಚಿಕ್ಕ ತುಂಡುಗಳನ್ನು ಆರಿಸಿ ತೂಗಿದರೆ, ಎಷ್ಟು ಗ್ರಾಂ ಬಂತೋ ಅಷ್ಟು ಶೇಕಡಾ ನುಚ್ಚು. ಹುಡುಗರಿಗೆ ಹತ್ತು ಹದಿನೈದು ನಿಮಿಷದ ಕೆಲಸ. ಒಂದು ಚಿಟಿಕೆ ಕಾಳನ್ನು ಮೊಬೈಲ್ ಟಾರ್ಚಿನ ಗಾಜಿನ ಮೇಲೆ ಹರಡಿ ನೋಡಿದರೆ ಗೆರೆಗಳು ಕಾಣುತ್ತವೆ. ಒಣಗಿದ ಗಾಜಿನ ಬಾಟಲಿಯಲ್ಲಿ ಒಣ ಪುಡಿ ಉಪ್ಪು, ಅಕ್ಕಿ ಹಾಕಿ ಕುಲುಕಿ ಸ್ವಲ್ಪ ಹೊತ್ತು ಬಿಟ್ಟಾಗ ಉಪ್ಪು ಗಾಜಿಗೆ ಅಂಟಿದರೆ ಪಸೆ 15ಕ್ಕಿಂತ ಮೇಲೆ ಎಂದು ಅಂದಾಜು. ಇದು ಅಂದಾಜು ಮಾತ್ರ. ಮಳೆಗಾಲದಲ್ಲಿ ಮುಂಬಯಿ, ಪುಣೆಯ ಗಾಳಿಯಲ್ಲೇ ನೀರಿರುವಾಗ ಉಪ್ಪು ಸುಳ್ಳು ಹೇಳುತ್ತದೆ.

ಮಳೆಗಾಲದ ಮಾತು ಬಂದದ್ದಕ್ಕೆ ಇನ್ನೊಂದು. ಒಣಗಿದ ಅಕ್ಕಿ ಕೊಂಡು ತಂದು ಇಡ್ಲಿ ಪಾತ್ರೆಯ ಹಬೆ ಬರುವ ಮೂಲೆಯಲ್ಲಿ ಗೋಡೆಗೊರಗಿಸಿ ಇಟ್ಟರೆ ತಪ್ಪು ನಮ್ಮದೇ. ಗಾಳಿಯಲ್ಲಿ ತೇವ 70–75 ಇದ್ದರೆ ಅಕ್ಕಿ 14ರ ಆಸುಪಾಸು ನಿಲ್ಲುತ್ತದೆ, 90ಕ್ಕೆ ಹೋದರೆ ಅಕ್ಕಿ ದಿನ ಕಳೆದಂತೆ 17–18ಕ್ಕೆ ಏರುತ್ತದೆ. ಆಗ ಹುಳ, ಬೂಸಲು ಎರಡೂ ಬರುತ್ತವೆ. ಮರದ ಹಲಗೆ, ಗೋಡೆಯಿಂದ ಒಂದಡಿ ದೂರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕಾಗುವಷ್ಟೇ ಸ್ಟಾಕ್. ನಾವು ಪಾಲಿಸುತ್ತಿರುವುದು ಇಷ್ಟು.

ಭಟ್ಟರ ವಿಷಯ ಹೇಳದೆ ಬಿಟ್ಟರೆ ಸರಿಯಲ್ಲ. ಗಂಗಾವತಿಯಿಂದ ನೇರ ಪುಣೆಗೆ ಬರಲಿಲ್ಲ. ಬಸ್ಸು ಹಿಡಿದು ಊರಿಗೆ ಹೋಗಿ ಬೈಂದೂರಿನ ಆಚೆ ಅವರ ಮನೆಗೆ ಹೋದೆವು. ದೇವಸ್ಥಾನವೊಂದರ ಅಡುಗೆಗೆ ಸೇರಿದ್ದರು. ಮಿಲ್ಲಿನವರು ಕೊಟ್ಟ ಬಿರುಕಿನ ಕಾಳುಗಳು ಕಾಗದದಲ್ಲಿ ಕಟ್ಟಿ ಜೇಬಿನಲ್ಲಿದ್ದವು, ತೋರಿಸಿ ವಿಷಯ ಹೇಳಿದೆವು. ತಪ್ಪಾಯಿತು ಎಂದೆವು. ಅವರು ಕಾಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅನ್ನ ಕೆಟ್ಟಿತು ಎಂದದ್ದಕ್ಕೆ ಬೇಸರವಿಲ್ಲ ಧಣಿ. ಹುಡುಗರ ಎದುರಿಗೆ ಹೇಳಿದಿರಲ್ಲ, ಅಷ್ಟೇ" ಎಂದರು. ಊಟ ಹಾಕಿದರು. ಪುಣೆಗೆ ಮತ್ತೆ ಬರಲಿಲ್ಲ. ಈಗಲೂ ಹೊಸ ಮಿಲ್ಲಿನ ಅಕ್ಕಿ ಕೊಳ್ಳುವ ಮೊದಲು ಒಂದು ಕಿಲೋ ಮಾದರಿ ಅವರಿಗೆ ಪಾರ್ಸೆಲ್ ಕಳಿಸುತ್ತೇವೆ, ಅವರು ಬೇಯಿಸಿ ನೋಡಿ ಫೋನ್ ಮಾಡುತ್ತಾರೆ. ಕಳೆದ ಸಲ ಕಳಿಸಿದ ಎರಡರಲ್ಲಿ ಒಂದನ್ನು ಬೇಡ ಎಂದರು.

ಮಿಲ್ಲಿನವರನ್ನೂ ವ್ಯಾಪಾರಿಗಳನ್ನೂ ನಾವು ಒಬ್ಬೊಬ್ಬರೇ ಕೇಳಿದರೆ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಂಘದ ಸದಸ್ಯರೆಲ್ಲ ಸೇರಿ ತಿಂಗಳಿಗೆ ಎಷ್ಟು ಅಕ್ಕಿ ಕೊಳ್ಳುತ್ತೇವೆ ಎಂದು ಯೋಚಿಸಿ. ಖರೀದಿ ಬಿಲ್ಲಿನಲ್ಲಿ ಪಸೆ 14ರ ಒಳಗೆ, ನುಚ್ಚು ಇಷ್ಟರ ಒಳಗೆ, ಯಾವ ಹಂಗಾಮಿನ ಭತ್ತ ಎಂದು ಮೂರು ಸಾಲು ಬರೆಸಿಕೊಳ್ಳುವಂತೆ ಎಲ್ಲರೂ ಕೇಳಬೇಕು. ಪಸೆ ಅಳೆಯುವ ಮೀಟರ್ ಒಂದನ್ನು ಸಂಘದ ಕಚೇರಿಗೆ ತೆಗೆದುಕೊಂಡರೆ ಸದಸ್ಯರು ಮಾದರಿ ತಂದು ನೋಡಿಕೊಳ್ಳಬಹುದು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ಎರಡು ಪ್ರಸ್ತಾಪ ಇಡುತ್ತೇವೆ. ಬರುವವರು ನಿಮ್ಮ ಹೋಟೆಲಿನ ಅಕ್ಕಿ ಒಂದು ಹಿಡಿ ಕಟ್ಟಿಕೊಂಡು ಬನ್ನಿ. ಗಾಜು, ಟಾರ್ಚು ನಾವು ತರುತ್ತೇವೆ.